ಕ್ಯಾಮರಾಕ್ಕೆ ಎರಡನೆಯ ಬ್ಯಾಟರಿ

ಹಳೆಯ ವಿದ್ಯಾರ್ಥಿನಿಯರು ವರ್ಗಣಿ ಕೂಡಿಸಿ ಶಾಲೆಗೆ ಕೊಡಿಸಿದ ಡಿಜಿಟಲ್ ಕ್ಯಾಮರಾದ ಯೋಗಕ್ಷೇಮವನ್ನು ಅನೇಕರು ವಿಚಾರಿಸುತ್ತಿರುವದರಿಂದ, ಅದರ ಸಲುವಾಗಿ ಈ ವರ್ಷ ನಾವು ಮಾಡಿದ ಒಂದು ವೆಚ್ಚವನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ವೆಚ್ಚವು ಚಿಕ್ಕದೇ, ಆದರೆ ಹಣವು ನಿಮ್ಮದು.

ಒಂಬತ್ತನೆಯ ಇಯತ್ತೆಯ ಹುಡುಗಿಯರೊಡನೆ ನಾವು ಕಣಗಿನಹಾಳಕ್ಕೆ ಹೋಗಿದ್ದೆವು. 1904ರ ಸಹಕಾರಿ ಕಾಯದೆಯು ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಊರಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘವು ಹಿಂದುಸ್ಥಾನದ ಮೊದಮೊದಲಿನವುಗಳಲ್ಲಿ ಒಂದೆಂಬದನ್ನು ಓದುಗರು ಬಲ್ಲರು. ಹುಡುಗಿಯರು ಊರ ಹಿರಿಯರ ಮಾತುಗಳನ್ನು ಬರೆದುಕೊಂಡು, ಅವರ ಚಿತ್ರಗಳನ್ನೂ ತೆಗೆಯುತ್ತ ಬಂದರು. ಕಟ್ಟಕಡೆಗೆ ನಮ್ಮ ಶಾಲೆಯಲ್ಲಿಯೇ ಕಲಿತ, ಎಂಬತ್ತು ದಾಟಿದ ಒಬ್ಬ ತಾಯಿಯವರು ಇಳಕಲ್ ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು ಕಟ್ಟೆಯ ಮೇಲೆ ಕೂತರು. ಅಷ್ಟರಲ್ಲಿ ಕ್ಯಾಮರಾದ ಕಣ್ಣು ಮುಚ್ಚಿತು. ಮುಂಜಾನೆ ತುಂಬಿದೆಯೆಂದು ತೋರಿಸಿದ್ದ ಬ್ಯಾಟರಿಯು ಮಧ್ಯಾಹ್ನಕ್ಕೇ ಬರಿದಾಗಿತ್ತು. ಅದನ್ನು ತಿರುಗಿ ತುಂಬಬೇಕಾದರೆ ಎರಡು ತಾಸು ಬೇಕು. ಬಸ್ಸಿನ ಹೊತ್ತು ಸಮೀಪಿಸಿತ್ತು.

“ಇರ್ಲಿ ಬಿಡ್ರಿ ಅಕ್ಕೋರ, ಇನ್ನೊಮ್ಮೆ ಬರ್ರಿ. ನಾ ಎಲ್ಲಿ ಹೊಕ್ಕೀನಿ?” ಎಂದು ಅವರು ನಕ್ಕರು. ನಮಗೆ ನಗೆ ಬರಲಿಲ್ಲ.

ಆ ಬ್ಯಾಟರಿಗೆ ಆರು ವರ್ಷಗಳಾಗಿದ್ದವು. ಲಿಥಿಯಂ-ಅಯಾನ್ ಬ್ಯಾಟರಿಯು ಬಳಸಿದರೂ ಸವೆಯುತ್ತದೆ, ಸುಮ್ಮನಿಟ್ಟರೂ ಮೆಲ್ಲನೆ ಮುಪ್ಪಾಗುತ್ತದೆ. ಆದಕಾರಣ ಜೊತೆಗೊಂದನ್ನು ಕೊಳ್ಳುವದೆಂದು ನಿಶ್ಚಯಿಸಿದೆವು.

ಪೇಟೆಯಲ್ಲಿ ಕ್ಯಾಮರಾ ಮಾಡಿದವರದೇ ಬ್ಯಾಟರಿಯೂ, ಅದರ ಮೂರನೆಯ ಒಂದು ಪಾಲು ಬೆಲೆಗೆ ಅನ್ಯರು ಮಾಡಿದ್ದೂ ದೊರೆಯುವವು. ಅಗ್ಗದ್ದೊಂದರ ಮೇಲೆ 1800 ಮಿಲಿ ಆಂಪಿಯರ್-ಅವರ್ ಎಂದು ಬರೆದಿತ್ತು. ನಮ್ಮ ಹಳೆಯದರ ಮೇಲೆ ಇರುವದು 860 ಮಾತ್ರ. “ಕಡಿಮೆ ಹಣಕ್ಕೆ ಇಮ್ಮಡಿ ಬಲ!” ಎಂದು ಹುಡುಗಿಯರು ಹಿಗ್ಗಿದರು. ಆಗ ಅವರಲ್ಲೊಬ್ಬಳು ಎರಡನ್ನೂ ಅಂಗೈಗಳಲ್ಲಿ ತೂಗಿ, ಅಗ್ಗದ್ದೇ ಹಗುರಾಗಿದೆಯೆಂದಳು. ಅದೇ ಅಳತೆಯ ಪೆಟ್ಟಿಗೆಯಲ್ಲಿ, ಕಡಿಮೆ ತೂಕದಲ್ಲಿ, ಎರಡರಷ್ಟು ಶಕ್ತಿಯು ಎಲ್ಲಿ ಅಡಗೀತು? ಸೇರಿನಲ್ಲಿ ಎರಡು ಸೇರು ಜೋಳ ಹಿಡಿಸಿದೆನೆನ್ನುವವನ ಮಾತಿನಂತೆಯೇ ಇದು. ಈ ಹುಡುಗಿಯು ವಿಜ್ಞಾನದಲ್ಲಿ ಹಿಂದೆ ಎಂಬ ದೂರು ನಮ್ಮ ತನಕ ಬಂದಿತ್ತೆಂಬದನ್ನೂ ಇಲ್ಲಿ ಹೇಳತಕ್ಕದ್ದು.

ಬೇರೆಯವರು ಮಾಡಿದ್ದೆಲ್ಲವೂ ಕೆಟ್ಟದ್ದೆಂದು ನಾವು ಹೇಳಲಾರೆವು. ಅವುಗಳಲ್ಲಿ ಒಳ್ಳೆಯವೂ ಉಂಟು. ಆದರೆ ಕೆಲವು ಕ್ಯಾಮರಾಗಳು ಅವುಗಳಲ್ಲಿ ಉಳಿದಿರುವ ಶಕ್ತಿಯನ್ನು ಸರಿಯಾಗಿ ತೋರಿಸುವದಿಲ್ಲ. ಅತಿಯಾಗಿ ತುಂಬುವದನ್ನು ತಡೆಯುವ ಒಳಗಿನ ಏರ್ಪಾಡು ಹೀನವಾಗಿದ್ದರೆ ಬ್ಯಾಟರಿಯು ಉಬ್ಬೀತು, ಬೆಂಕಿಯೂ ಹತ್ತೀತು. ಮಕ್ಕಳ ಕೈಯಲ್ಲಿರುವ ವಸ್ತುವಿಗೆ ನಾವು ಹೆಚ್ಚು ಬೆಲೆಯನ್ನೇ ಕೊಟ್ಟೆವು. ವೋಲ್ಟು ಹಳೆಯದರಂತೆ 7.4 ಇರುವದನ್ನೂ, ಭಾರತೀಯ ಮಾನಕ ಬ್ಯೂರೋದ ಗುರುತನ್ನೂ ನೋಡಿ, ರಸೀದಿ ಪಡೆದು ತಂದೆವು.

ಹಳೆಯದನ್ನು ಇನ್ನೂ ಎಸೆದಿಲ್ಲ. ಶಾಲೆಯ ಅಂಗಳದ ಚಿತ್ರಗಳಿಗೆ ಅದು ಸಾಕು. ಪೂರ್ತಿ ಬರಿದಾಗುವ ತನಕ ಬಳಸಿಯೇ ತುಂಬಬೇಕೆಂದು ಹಿರಿಯರು ಹೇಳುತ್ತಿದ್ದದ್ದು ಹಿಂದಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಮಾತು. ಇವುಗಳಿಗೆ ಅದು ಸಲ್ಲದು. ರಜೆಯಲ್ಲಿ ಅರ್ಧ ತುಂಬಿ, ತಂಪಾದ ಕಪಾಟಿನಲ್ಲಿ, ನಾಣ್ಯ ಬೀಗದಕೈಗಳು ಸೋಂಕದಂತೆ ಇಡುತ್ತೇವೆ. ಇದು ಪೂರಾ ಸತ್ತ ದಿನ ಕಸದ ಬುಟ್ಟಿಗೆ ಹಾಕದೆ, 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಸಂಗ್ರಹಿಸುವವರಿಗೆ ಒಪ್ಪಿಸುವೆವು.

ಹದಿನೇಳು ದಿನಗಳ ಮೇಲೆ ತಿರುಗಿ ಕಣಗಿನಹಾಳಕ್ಕೆ ಹೋದೆವು. ಆ ತಾಯಿಯವರು ಈ ಸಲ ಮೊಮ್ಮಗಳನ್ನೂ ಪಕ್ಕಕ್ಕೆ ಕೂಡಿಸಿಕೊಂಡರು. ಅವರ ಚಿತ್ರವನ್ನು ಈ ಸಂಚಿಕೆಯಲ್ಲಿ ಕಾಣುವಿರಿ. ಬ್ಯಾಟರಿ ಕೊಂಡು ಉಳಿದ ಹಣದಲ್ಲಿ ಅದರದೊಂದು ಪ್ರತಿಯನ್ನು ಅಚ್ಚು ಹಾಕಿಸಿ ಅವರ ಮನೆಗೆ ಕಳಿಸಿದ್ದೇವೆ. ಚೌಕಟ್ಟಿನ ಹಣವನ್ನು ಹುಡುಗಿಯರೇ ಕೂಡಿಸಿದರು.