ಊರಿನ ಆಟ, ಹುಡುಗರ ಮೊಣಕಾಲು

ನಮ್ಮ ಬ್ಯಾಚಿನಲ್ಲಿ ಒಂದು ಜಗಳ ಇನ್ನೂ ಮುಗಿದಿಲ್ಲ. ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್ ಬಗ್ಗೆ ಬಂದ ಸಿನಿಮಾಗಳಲ್ಲಿ ಯಾವುದು ಹೆಚ್ಚು ಅನ್ನುವುದೇ ಆ ಜಗಳ. ನಮ್ಮಲ್ಲಿ ಯಾರೂ ಅಮೆರಿಕ ನೋಡಿದವರಲ್ಲ, ಆ ಆಟ ಆಡಿದವರಂತೂ ಅಲ್ಲವೇ ಅಲ್ಲ. ಆದರೂ ಅರ್ಧ ಮಂದಿ 'ರಿಮೆಂಬರ್ ದಿ ಟೈಟನ್ಸ್' ಕಡೆ, ಇನ್ನರ್ಧ 'ಫ್ರೈಡೇ ನೈಟ್ ಲೈಟ್ಸ್' ಕಡೆ. ಎರಡನ್ನೂ ನೋಡಿ ಎಲ್ಲರೂ ಅತ್ತಿದ್ದೇವೆ. ಯಾವುದಕ್ಕೆ ಅತ್ತೆವು, ಯಾಕೆ ಅತ್ತೆವು ಅನ್ನುವುದರಲ್ಲೇ ತಕರಾರು.

ಮೊದಲು ಆಟ ಯಾವುದು ಅಂತ ಹೇಳಿಬಿಡುತ್ತೇವೆ. ಇದು ಕಾಲಿನಿಂದ ಒದ್ದು ಗೋಲು ಹೊಡೆಯುವ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗಬೇಕು, ಇಲ್ಲವೇ ಮುಂದೆ ಓಡುವವನಿಗೆ ಎಸೆಯಬೇಕು. ನಾಲ್ಕು ಪ್ರಯತ್ನದೊಳಗೆ 10 ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗೆ. ತಡೆಯುವವರು ಹಿಡಿದು ಕೆಡವುತ್ತಾರೆ. ಕಬಡ್ಡಿಯಲ್ಲಿ ರೈಡರ್‌ನ ಮೇಲೆ ನಾಲ್ಕು ಜನ ಬೀಳುವುದನ್ನು ನೋಡಿದವರಿಗೆ ಇದರ ಪೆಟ್ಟು ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಶಾಲೆಗಳ ಪಂದ್ಯ ನಡೆಯುವುದು ಹೆಚ್ಚಾಗಿ ಶುಕ್ರವಾರ ರಾತ್ರಿ. ಟೆಕ್ಸಾಸ್ ರಾಜ್ಯದಲ್ಲಿ ಇದರ ಹುಚ್ಚು ಬಹಳ. ಒಡೆಸ್ಸಾ ಅನ್ನುವ ತೈಲದ ಊರಿನಲ್ಲಿ ಹೈಸ್ಕೂಲ್ ಹುಡುಗರ ಆಟಕ್ಕೆಂದೇ 1982ರಲ್ಲಿ ಒಂದು ಸ್ಟೇಡಿಯಂ ತೆರೆದರು. ಸುಮಾರು 19,000 ಜನ ಕೂರುವಷ್ಟು ದೊಡ್ಡದು. ಜಾತ್ರೆಗೆ ಸೇರುವ ಹಾಗೆ ಊರಿಗೆ ಊರೇ ಅಲ್ಲಿ ಸೇರುತ್ತಿತ್ತು. ತೇರು ಎಳೆಯುವವರು ಮಾತ್ರ 17 ವರ್ಷದ ಮಕ್ಕಳು.

ಈಗ ಟೈಟನ್ಸ್ ಕಡೆಯವರ ವಾದ ಕೇಳಿ. 2000ದಲ್ಲಿ ಬಂದ ಈ ಸಿನಿಮಾದ ಕಥೆ 1971ರದು. ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾದಲ್ಲಿ ಮೂರು ಹೈಸ್ಕೂಲುಗಳ ದೊಡ್ಡ ತರಗತಿಗಳನ್ನು ಒಂದೇ ಶಾಲೆಗೆ ಸೇರಿಸಿದರು. ಕಪ್ಪು ಹುಡುಗರು, ಬಿಳಿ ಹುಡುಗರು ಒಂದೇ ತಂಡದಲ್ಲಿ ಆಡಬೇಕಾಯಿತು. ಮುಖ್ಯ ಕೋಚ್ ಆದವರು ಹರ್ಮನ್ ಬೂನ್ ಅನ್ನುವ ಕಪ್ಪು ಮನುಷ್ಯ. ಆ ಪಾತ್ರ ಮಾಡಿದವರು ಡೆನ್ಜೆಲ್ ವಾಷಿಂಗ್ಟನ್. ಶಿಬಿರಕ್ಕೆ ಹೋದಾಗ ಹುಡುಗರು ಹೊಡೆದಾಡುತ್ತಾರೆ. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಕಡೆ ಉಂಡು, ಒಬ್ಬರ ಮನೆ ವಿಷಯ ಇನ್ನೊಬ್ಬರು ಕೇಳಿ ತಿಳಿಯುವ ಹೊತ್ತಿಗೆ ಸ್ನೇಹಿತರಾಗಿರುತ್ತಾರೆ. ಕೊನೆಯಲ್ಲಿ ಬಿಳಿ ಹುಡುಗ ಗೆರಿ ಕಾರು ಅಪಘಾತದಲ್ಲಿ ನಡೆಯುವ ಶಕ್ತಿ ಕಳೆದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ನೋಡಲು ಬಂದ ಕಪ್ಪು ಗೆಳೆಯ ಜೂಲಿಯಸ್‌ಗೆ ನರ್ಸ್, ಮನೆಯವರನ್ನು ಮಾತ್ರ ಒಳಗೆ ಬಿಡುವುದು ಅನ್ನುತ್ತಾಳೆ. ಇವನು ನನ್ನ ಅಣ್ಣತಮ್ಮ, ಕಾಣುವುದಿಲ್ಲವೇ ಅಂತ ಗೆರಿ ಕೇಳುತ್ತಾನೆ. ಒಂದೇ ಬೀದಿಯಲ್ಲಿದ್ದೂ ಒಬ್ಬರ ಮನೆಯ ಒಳಗೆ ಇನ್ನೊಬ್ಬರು ಕಾಲಿಡದ ಊರುಗಳಿಂದ ಬಂದ ನಮಗೆ ಆ ದೃಶ್ಯ ಬೇರೆ ದೇಶದ್ದು ಅನ್ನಿಸುವುದಿಲ್ಲ.

ಆದರೆ ನಿಜದಲ್ಲಿ ಆ ಅಪಘಾತ ನಡೆದದ್ದು ಪಂದ್ಯಗಳೆಲ್ಲ ಮುಗಿದ ಮೇಲೆ. ಸಿನಿಮಾ ಅದನ್ನು ಫೈನಲ್‌ಗಿಂತ ಮುಂಚೆ ತಂದಿದೆ. ಫೈನಲ್ ಕೂಡ ಕೊನೇ ಕ್ಷಣದ ಗೆಲುವಾಗಿರಲಿಲ್ಲ. ಟೈಟನ್ಸ್ 27-0 ಅಂತರದಲ್ಲಿ ಗೆದ್ದಿದ್ದರು, ಆ ವರ್ಷ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಹುಡುಗ ಬಿದ್ದ, ಅವನಿಗಾಗಿ ಗೆಳೆಯರು ಗೆದ್ದರು ಅಂತ ಮಾಡಿದರೆ ನೋಡುವವರ ಎದೆ ಹಗುರಾಗುತ್ತದೆ. ಗೆಲುವು ಬಂದು ನೋವಿಗೆ ಮುಲಾಮು ಹಚ್ಚುತ್ತದೆ.

'ಫ್ರೈಡೇ ನೈಟ್ ಲೈಟ್ಸ್' ಹಚ್ಚುವುದಿಲ್ಲ. 2004ರ ಈ ಸಿನಿಮಾ ಅದೇ ಒಡೆಸ್ಸಾದ ಪರ್ಮಿಯನ್ ಹೈಸ್ಕೂಲಿನ 1988ರ ತಂಡದ ಕಥೆ. ಬೂಬಿ ಮೈಲ್ಸ್ ಆ ತಂಡದ ಹೀರೊ. ಚೆನ್ನಾಗಿ ಆಡಿದರೆ ಕಾಲೇಜುಗಳೇ ಫೀಸು ಕೊಟ್ಟು ಓದಿಸುವ ಪದ್ಧತಿ ಅಲ್ಲಿದೆ. ಬೂಬಿ ಅದನ್ನೇ ನಂಬಿದವನು. ಮೊಣಕಾಲು ಮುರಿಯುತ್ತದೆ. ಒಂದೆರಡು ವಾರ ಊರು ಅವನಿಗಾಗಿ ಮರುಗುತ್ತದೆ, ಆಮೇಲೆ ಬದಲಿ ಹುಡುಗನ ಹೆಸರು ಕೂಗುತ್ತದೆ. ಶಾಲೆಯಲ್ಲಿದ್ದ ತನ್ನ ಸಾಮಾನು ತೆಗೆದುಕೊಂಡು ಬಂದ ಬೂಬಿ, ಎಲ್ಲರ ಎದುರು ನಗುತ್ತಲೇ ಮಾತಾಡಿ, ಕಾರಿನಲ್ಲಿ ಚಿಕ್ಕಪ್ಪನ ಪಕ್ಕ ಕೂತ ಮೇಲೆ ಬಿಕ್ಕಿಬಿಕ್ಕಿ ಅಳುತ್ತಾನೆ. ಆಟ ಬಿಟ್ಟರೆ ತನಗೆ ಬೇರೇನೂ ಬರುವುದಿಲ್ಲ ಅನ್ನುವುದು ಅವನ ಅಳು. ಅಲ್ಲಿ ಗೆಲುವು ಬಂದು ಸಮಾಧಾನ ಮಾಡುವುದಿಲ್ಲ. ತಂಡ ಫೈನಲ್‌ನಲ್ಲಿ ಸೋಲುತ್ತದೆ. ಸಿನಿಮಾ ಇಲ್ಲೂ ಸ್ವಲ್ಪ ಬದಲಿಸಿದೆ, ನಿಜದಲ್ಲಿ ಸೋತದ್ದು ಸೆಮಿಫೈನಲ್‌ನಲ್ಲಿ.

ಕೊನೆಗೆ ಕೋಚ್ ಕಚೇರಿಯ ಬೋರ್ಡಿನ ಮೇಲಿಂದ, ಶಾಲೆ ಮುಗಿಸಿದ ಹುಡುಗರ ಹೆಸರಿನ ಪಟ್ಟಿಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಮಾತಿಲ್ಲ. ಮುಂದಿನ ವರ್ಷದವರ ಹೆಸರು ಆ ಜಾಗಕ್ಕೆ ಬರುತ್ತದೆ. ನಮ್ಮಲ್ಲಿ ಟೈಟನ್ಸ್ ಕಡೆಯವರೂ ಈ ದೃಶ್ಯ ಬಂದಾಗ ಸುಮ್ಮನಾಗುತ್ತಾರೆ.

ಇದೇ ತಂಡದಲ್ಲಿ ಇನ್ನೊಬ್ಬ ಹುಡುಗನ ಅಪ್ಪ ಇದ್ದಾನೆ. ತನ್ನ ಕಾಲದಲ್ಲಿ ಚಾಂಪಿಯನ್ ಆದವನು, ಆ ಉಂಗುರ ಇನ್ನೂ ಬೆರಳಲ್ಲಿದೆ. ಈಗ ಕುಡುಕ, ಮಗ ಚೆಂಡು ಕೈಬಿಟ್ಟರೆ ಹೊಡೆಯುತ್ತಾನೆ. ಗೆದ್ದವನ ಗತಿಯೂ ಇದಾದರೆ ಸೋತವನದು ಏನು ಅಂತ ಯೋಚನೆ ಬರುತ್ತದೆ. 1999ರ 'ವಾರ್ಸಿಟಿ ಬ್ಲೂಸ್' ತಮಾಷೆಯ ಸಿನಿಮಾ. ಆದರೆ ಅದರಲ್ಲೂ ಗಾಯವಾದ ಹುಡುಗನಿಗೆ ನೋವು ಗೊತ್ತಾಗದ ಹಾಗೆ ಇಂಜೆಕ್ಷನ್ ಚುಚ್ಚಿಸಿ ಮೈದಾನಕ್ಕೆ ಕಳಿಸುವ ಕೋಚ್ ಇದ್ದಾನೆ. 1983ರ 'ಆಲ್ ದಿ ರೈಟ್ ಮೂವ್ಸ್' ಸಿನಿಮಾದಲ್ಲಿ ಟಾಮ್ ಕ್ರೂಸ್ ಉಕ್ಕಿನ ಕಾರ್ಖಾನೆಯ ಊರಿನ ಹುಡುಗ. ಅವನಿಗೆ ಇಂಜಿನಿಯರ್ ಆಗುವ ಆಸೆ, ಆಟ ಅವನಿಗೆ ಊರು ಬಿಡುವ ಬಸ್ ಟಿಕೆಟ್ ಇದ್ದ ಹಾಗೆ. ಕೋಚ್ ಜೊತೆ ಜಗಳವಾಗಿ ಆ ಟಿಕೆಟ್ಟೇ ಕೈತಪ್ಪುವ ಹಾಗಾಗುತ್ತದೆ.

ಇವೆಲ್ಲ ನೋಡಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಈ ಸಿನಿಮಾಗಳಲ್ಲಿ ಅಳು ತರಿಸುವುದು ಸ್ಕೋರ್ ಅಲ್ಲ. ಆಟ ಊರಿನದು, ಮೊಣಕಾಲು ಹುಡುಗನದು. ಗೆದ್ದರೆ ಊರೆಲ್ಲ ಪಾಲಿಗೆ ಬರುತ್ತದೆ, ಕಾಲು ಮುರಿದರೆ ಅವನ ಮನೆಯವರು ಮಾತ್ರ. ಈ ಲೆಕ್ಕವನ್ನು ಯಾವ ಸಿನಿಮಾ ಮುಚ್ಚಿಡುವುದಿಲ್ಲವೋ ಅದು ಮನಸ್ಸಿನಲ್ಲಿ ಉಳಿಯುತ್ತದೆ.

ಪತ್ರಿಕೋದ್ಯಮ ಓದಿದ ನಮಗೆ ಇನ್ನೊಂದು ಕಾರಣವೂ ಇದೆ. 'ಫ್ರೈಡೇ ನೈಟ್ ಲೈಟ್ಸ್' ಮೊದಲು ಪುಸ್ತಕವಾಗಿ ಬಂದದ್ದು, 1990ರಲ್ಲಿ. ಬರೆದವರು ಬಿಸ್ಸಿಂಜರ್ ಅನ್ನುವ ಪತ್ರಕರ್ತ. ದೂರದ ಫಿಲಡೆಲ್ಫಿಯಾದ ಪತ್ರಿಕೆಯ ಕೆಲಸ ಬಿಟ್ಟು, ಹೆಂಡತಿ ಮಕ್ಕಳೊಂದಿಗೆ ಒಡೆಸ್ಸಾಕ್ಕೆ ಬಂದು ನೆಲೆಸಿ, ಆ ತಂಡದ ಜೊತೆಗೇ ಇದ್ದವರು. ಪಂದ್ಯದ ಜೊತೆಗೆ ಶಾಲೆಯ ಖರ್ಚಿನ ಲೆಕ್ಕವನ್ನೂ ನೋಡಿದರು. ಆಟದ ಹುಡುಗರ ಔಷಧಿ ಸಾಮಗ್ರಿಗೆ 6,750 ಡಾಲರ್, ಇಂಗ್ಲಿಷ್ ವಿಭಾಗದ ಪಾಠದ ಸಾಮಗ್ರಿಗೆ 5,040 ಡಾಲರ್ ಅಂತ ಬರೆದರು. ಊರಿನ ಜನ ಸಿಟ್ಟಾದರು, ಬೆದರಿಕೆ ಬಂತು, ಪುಸ್ತಕ ಬಂದಾಗ ಅವರು ಆ ಊರಿಗೆ ಹೋಗುವ ಕಾರ್ಯಕ್ರಮವನ್ನೇ ಕೈಬಿಡಬೇಕಾಯಿತು. ಮರುವರ್ಷ, 1989ರಲ್ಲಿ, ಅದೇ ಶಾಲೆ ರಾಜ್ಯ ಚಾಂಪಿಯನ್ ಆಯಿತು. ಆದರೆ ಪುಸ್ತಕ, ಸಿನಿಮಾ ಎರಡೂ ಹುಟ್ಟಿದ್ದು ಸೋತ ವರ್ಷದಿಂದ.

ನಮ್ಮಲ್ಲಿ ಕೆಲವರು ಈಗ ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟದ ಸುದ್ದಿ ಬರೆಯುತ್ತೇವೆ. ಸಿಗುವ ಜಾಗ ನಾಲ್ಕು ಸಾಲು, ಒಂದು ಫೋಟೊ. ಪ್ರಥಮ ಯಾರು, ದ್ವಿತೀಯ ಯಾರು, ಬಹುಮಾನ ಕೊಟ್ಟ ಗಣ್ಯರು ಯಾರು, ಇಷ್ಟು ಬರೆಯುವಷ್ಟರಲ್ಲಿ ಜಾಗ ಮುಗಿಯುತ್ತದೆ. ನಮ್ಮ ಗೆಳತಿಯೊಬ್ಬಳ ಊರಿನಲ್ಲಿ ಪಿಯುಸಿ ಓದುವಾಗ ಕಬಡ್ಡಿಯಲ್ಲಿ ಲಿಗಮೆಂಟ್ ಹರಿದುಕೊಂಡ ಹುಡುಗನಿದ್ದಾನೆ. ಅವನ ತಂಡ ಕಪ್ ಗೆದ್ದ ಫೋಟೊ ಶಾಲೆಯ ಗೋಡೆ ಮೇಲಿದೆ. ಆಪರೇಷನ್ನಿಗೆ ಅವನ ಅಪ್ಪ ಎರಡು ಹಸು ಮಾರಿದ್ದು ಯಾವ ಪೇಪರಿನಲ್ಲೂ ಬಂದಿಲ್ಲ.

ಆ ಜಾಗ ಈ ಬ್ಲಾಗಿನಲ್ಲಿ ಇದೆ. ನಿಮ್ಮೂರಿನ ತಂಡ ಗೆದ್ದದ್ದನ್ನು ಹೇಳಿ, ಖಂಡಿತ ಬರೆಯುತ್ತೇವೆ. ಜೊತೆಗೆ, ಆ ತಂಡದಲ್ಲಿ ಹಿಂದೆ ಆಡುತ್ತಿದ್ದು ಈಗ ಆಡದವರು ಯಾರು, ಅವರು ಈಗ ಏನು ಮಾಡುತ್ತಿದ್ದಾರೆ ಅನ್ನುವುದನ್ನೂ ತಿಳಿಸಿ. ನಾವೇ ಬಂದು ಮಾತಾಡಿಸುತ್ತೇವೆ.