ಕುದುರೆಮುಖದ ಹಾದಿಯಲ್ಲಿ ಒಂದು ಹಗಲು

ಚಿಕ್ಕಮಗಳೂರು, ಉಡುಪಿ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳು ಸಂಧಿಸುವ ಎಡೆಯಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ ಹಬ್ಬಿರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ವನಪ್ರದೇಶದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರು. ತುಂಗೆ, ಭದ್ರೆಯರು ಹುಟ್ಟುವ ಗಂಗಾಮೂಲ ಇದರ ಒಡಲಲ್ಲಿಯೇ ಇದೆ. ನಮ್ಮ ದಾವಣಗೆರೆ ಸೀಮೆಯ ಗದ್ದೆಗಳಿಗೆ ಭದ್ರಾ ನಾಲೆಯಲ್ಲಿ ಹರಿದುಬರುವ ನೀರಿನ ತವರು ಈ ಬೆಟ್ಟಗಳೇ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಬಯಲುಸೀಮೆಯವರಾದ ನಮಗೆ ದೊರೆಯುವ ಮಳೆಯ ಹತ್ತು ಪಟ್ಟು ಎನ್ನಬಹುದು. ಈ ನಾಡಿನ ನಡುವೆ, ಕುದುರೆಯೊಂದು ಮುಖ ಚಾಚಿ ನಿಂತಂತೆ ಕಾಣುವ ಶಿಖರವೇ ಕುದುರೆಮುಖ. ಎತ್ತರ ಸುಮಾರು 1,890 ಮೀಟರು. ಹಿಂದೆ ಇದನ್ನು ಸಂಸೆಪರ್ವತವೆಂದೂ ಕರೆಯುತ್ತಿದ್ದರು.

ಶೃಂಗೇರಿ, ಹೊರನಾಡು, ಕಳಸಗಳಿಗೆ ಹೋಗಿಬರುವ ಕುಟುಂಬಗಳು ಈಚಿನ ವರ್ಷಗಳಲ್ಲಿ ತಮ್ಮ ಪ್ರವಾಸಪಟ್ಟಿಯ ಕೊನೆಗೆ ಈ ಶಿಖರವನ್ನೂ ಸೇರಿಸಿಕೊಳ್ಳತೊಡಗಿವೆ. "ಹೇಗೂ ಅಷ್ಟು ದೂರ ಬಂದಿದ್ದೇವೆ, ಬೆಟ್ಟವನ್ನೂ ನೋಡಿಬಿಡೋಣ" ಎಂಬ ಮಾತು ಕೇಳಲು ಹಿತವಾಗಿದೆ. ಆದರೆ ಕುದುರೆಮುಖವು ನೋಡಿಬಿಡುವ ಬೆಟ್ಟವಲ್ಲ. ನಮ್ಮ ಓದುಗರಲ್ಲಿ ಅನೇಕರು ದರ್ಶನ ಮಾಡಿಬಂದಿರುವ ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರವಾದುದು. ಅಲ್ಲಿ ವಾಹನವೇ ಶಿಖರದ ಸಮೀಪದವರೆಗೆ ಒಯ್ಯುತ್ತದೆ, ಉಳಿದದ್ದು ಮೆಟ್ಟಿಲು. ಇಲ್ಲಿ ಹಾಗಲ್ಲ. ಸಂಸೆಯ ಬಳಿಯ ಬಾಳೆಗಲ್ಲಿನಿಂದ ಜೀಪಿನಲ್ಲಿ ಮೈಮೂಳೆಯೆಲ್ಲ ಅಲುಗಿಸಿಕೊಂಡು ಮುಳ್ಳೋಡಿ ಎಂಬ ಪುಟ್ಟ ಊರನ್ನು ಸೇರಬೇಕು. ಅಲ್ಲಿಂದಾಚೆಗೆ ಶಿಖರಕ್ಕೆ ಸುಮಾರು 10 ಕಿಲೋಮೀಟರು, ಮರಳಿ ಮತ್ತೆ ಅಷ್ಟೇ, ಎಲ್ಲವೂ ಕಾಲ್ನಡಿಗೆ. ಏರಬೇಕಾದ ಎತ್ತರ ಸರಿಸುಮಾರು 900 ಮೀಟರು. ಮೇಲೆ ತಂಗಲು ಅನುಮತಿಯಿಲ್ಲ. ಹೋದ ದಿನವೇ, ಬೆಳಕಿರುವಾಗಲೇ ಇಳಿದುಬರಬೇಕು. ನಡುಹಾದಿಯಲ್ಲಿ ಅಂಗಡಿಯಿಲ್ಲ, ವಾಹನವಿಲ್ಲ. ಮೊಬೈಲ್ ದೂರವಾಣಿಯನ್ನು ನಂಬುವಂತಿಲ್ಲ. ಕಾಲು ಉಳುಕಿದವರನ್ನು ನಾಲ್ಕು ಜನ ಹೊತ್ತೇ ಕೆಳಗಿಳಿಸಬೇಕು.

ಆದ್ದರಿಂದ ಕಳೆದ ನವೆಂಬರಿನ ಯಾತ್ರೆಗೆ ನಾವು ಮನೆಯಲ್ಲಿ ಕುಳಿತು ಮಾಡಿದ ಮೊದಲ ಕೆಲಸ ಲೆಕ್ಕ ಹಾಕುವುದು. ತಂಡದಲ್ಲಿ ಏಳು ಜನ: ನಾವು ದಂಪತಿಗಳು, ನಮ್ಮ ಇಬ್ಬರು ಮಕ್ಕಳು, ಐವತ್ತೊಂಬತ್ತು ವರ್ಷದ ನಮ್ಮ ಅಕ್ಕ, ಅವರ ಮಗ ಹಾಗೂ ಸೊಸೆ. ಬೆಟ್ಟದ ನಡಿಗೆಗೆ ತಗಲುವ ವೇಳೆಯನ್ನು ಅಂದಾಜು ಮಾಡಲು 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸರಳ ಸೂತ್ರವನ್ನು ಹೇಳಿದ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಅದರಂತೆ ಕುದುರೆಮುಖದ ಏರಿಗೆ ಎರಡು ಗಂಟೆಯ ಜೊತೆಗೆ ಒಂದೂವರೆ ಗಂಟೆ, ಒಟ್ಟು ಮೂರೂವರೆ ಗಂಟೆ ಬರುತ್ತದೆ. ಇದು ಗಟ್ಟಿಮುಟ್ಟಾದ, ನಿಲ್ಲದೆ ನಡೆಯುವ ಗಂಡಾಳಿನ ಲೆಕ್ಕ. ಕೂತು ನೀರು ಕುಡಿಯುವ, ಚಿತ್ರ ತೆಗೆಯುವ, ಹಳ್ಳ ದಾಟುವಾಗ ಒಬ್ಬರ ಕೈಯನ್ನೊಬ್ಬರು ಹಿಡಿಯುವ ಸಂಸಾರಸ್ಥರ ತಂಡಕ್ಕೆ ಅದರ ಅರ್ಧದಷ್ಟನ್ನಾದರೂ ಕೂಡಿಸಲೇಬೇಕು. ಹಾಗೆ ಕೂಡಿಸಿದಾಗ ಏರಿಗೆ ಐದೂಕಾಲು ಗಂಟೆಯಾಯಿತು. ಇಳಿಯಲು ನಾಲ್ಕೂವರೆ ಗಂಟೆ ಎಂದಿಟ್ಟುಕೊಂಡೆವು. ನವೆಂಬರಿನಲ್ಲಿ ಸೂರ್ಯಾಸ್ತ ಆರರ ಹೊತ್ತಿಗೆ. ಕಾಡಿನೊಳಗೆ ಅದಕ್ಕೂ ಮೊದಲೇ ಮಬ್ಬು ಕವಿಯುತ್ತದೆ. ಬೆಳಿಗ್ಗೆ ಆರೂಮುಕ್ಕಾಲಕ್ಕೆ ಹೊರಟರೆ ಹನ್ನೆರಡಕ್ಕೆ ಶಿಖರ. ಹನ್ನೆರಡೂವರೆಗೆ ಎಲ್ಲಿಯೇ ಇದ್ದರೂ, ಶಿಖರ ಕೈಗೆಟಕುವಷ್ಟು ಹತ್ತಿರದಲ್ಲಿದ್ದರೂ, ಬೆನ್ನು ತಿರುಗಿಸಿ ಇಳಿಯತೊಡಗುವುದು. ಆಗ ಐದಕ್ಕೆ ಮುಳ್ಳೋಡಿ ಸೇರಬಹುದು. ಒಂದು ಗಂಟೆ ಆಪದ್ಧನದಂತೆ ಕೈಯಲ್ಲಿ ಉಳಿಯುತ್ತದೆ. ತಂಡ ಎರಡಾಗಿ ಒಡೆಯಬಾರದು ಎಂಬುದನ್ನೂ ಅಂದೇ ಗೊತ್ತುಮಾಡಿದೆವು.

ಮಕ್ಕಳು ಒಪ್ಪಲಿಲ್ಲ. "ಅಷ್ಟು ದೂರ ಹೋಗಿ ತುದಿ ಮುಟ್ಟದೆ ಬರೋದಾ?" ಎಂದು ಮುಖ ಸಣ್ಣದು ಮಾಡಿಕೊಂಡರು. ಹಿಂದಿರುಗುವ ಗಳಿಗೆಯನ್ನು ಮನೆಯಲ್ಲಿಯೇ ನಿಶ್ಚಯಿಸುವುದರ ಗುಟ್ಟು ಅವರಿಗೆ ಆಗ ತಿಳಿಯುವಂತಿರಲಿಲ್ಲ. ಬೆಟ್ಟದ ಮೇಲೆ ದಣಿದವರು ತಾವಾಗಿ ಬಾಯಿ ಬಿಡುವುದಿಲ್ಲ. ಅದರಲ್ಲಿಯೂ ಮನೆಯ ಹಿರಿಯ ಹೆಣ್ಣುಮಕ್ಕಳು, ತಮ್ಮಿಂದಾಗಿ ಎಳೆಯರ ಸಂತೋಷಕ್ಕೆ ಭಂಗ ಬಂದೀತೆಂದು ನೋವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದುಬಿಡುತ್ತಾರೆ. ಗಡಿಯಾರವೇ ಮಾತನಾಡಿದರೆ ಯಾರೂ ಸೋತೆನೆಂದು ಹೇಳಬೇಕಾಗಿಲ್ಲ. ನಮ್ಮ ಅಕ್ಕನ ಬಲ ಮೊಣಕಾಲಿನ ವಿಷಯ ನಮಗೆ ಗೊತ್ತಿತ್ತು; ಅವರು ಅದರ ಬಗ್ಗೆ ಒಂದಕ್ಷರವನ್ನೂ ಆಡುವವರಲ್ಲವೆಂಬುದೂ ಗೊತ್ತಿತ್ತು.

ಅನುಮತಿಯ ವಿಷಯ. 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯೋಪಾದಿಯಲ್ಲಿ ಜನ ನೆರೆದ ಮೇಲೆ, ರಾಜ್ಯದ ಚಾರಣಮಾರ್ಗಗಳಿಗೆ ಅಂತರ್ಜಾಲದ ಮೂಲಕವೇ ಮುಂಗಡ ಅನುಮತಿ ಪಡೆಯುವ ಏರ್ಪಾಡು ಬಂದಿತು. ಒಂದು ಹಾದಿಗೆ ದಿನಕ್ಕೆ 300 ಜನರೆಂಬ ಮಿತಿಯನ್ನೂ ವಿಧಿಸಲಾಯಿತು. ಶನಿವಾರ ಭಾನುವಾರಗಳಂದು ಸ್ಥಳ ಬೇಗನೆ ತುಂಬುವುದರಿಂದ ನಾವು ವಾರದ ನಡುವಿನ ದಿನವನ್ನು ಆರಿಸಿಕೊಂಡೆವು. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಕಿಚ್ಚು ತಗಲುವ ಭಯದಿಂದ ಹಾದಿಯನ್ನು ಮುಚ್ಚುವುದುಂಟು. ಮಳೆಗಾಲದಲ್ಲಿ ಹಸಿರಿನ ಸೊಬಗು ವರ್ಣನೆಗೆ ನಿಲುಕದು ನಿಜ; ಆದರೆ ಹಳ್ಳಗಳು ಉಕ್ಕುತ್ತವೆ, ಬಂಡೆಗಳು ಜಾರುತ್ತವೆ, ಮಲೆನಾಡಿನವರು ಇಂಬಳವೆನ್ನುವ ನೆಲದ ಜಿಗಣೆಗಳು ಕಾಲ್ಚೀಲದೊಳಕ್ಕೂ ನುಸುಳುತ್ತವೆ. ಮಕ್ಕಳು ಹಿರಿಯರೊಡನೆ ಹೋಗುವವರಿಗೆ ನವೆಂಬರು, ಡಿಸೆಂಬರುಗಳೇ ಸೂಕ್ತವೆಂದು ನಮ್ಮ ಅಭಿಪ್ರಾಯ. ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.

ಹೊರಡುವುದಕ್ಕೆ ಆರು ವಾರ ಮುಂಚಿನಿಂದ ದಿನವೂ ಮುಂಜಾನೆ ಒಂದು ಗಂಟೆ ನಡೆದೆವು. ಎರಡು ಭಾನುವಾರ ಚಿತ್ರದುರ್ಗದ ಕೋಟೆಯನ್ನು, ಬೆನ್ನಿಗೆ ನೀರಿನ ಚೀಲ ಹಾಕಿಕೊಂಡು ಹತ್ತಿ ಇಳಿದೆವು. ಬಯಲುಸೀಮೆಯ ಕಾಲಿಗೆ ಸಮತಟ್ಟು ನೆಲದ ನಡಿಗೆ ಎಷ್ಟಾದರೂ ಸಲ್ಲುತ್ತದೆ, ಇಳಿಜಾರು ಮಾತ್ರ ಒಗ್ಗುವುದಿಲ್ಲ. ತೊಡುವ ಬೂಟುಗಳನ್ನು ಆ ಆರು ವಾರವೂ ತೊಟ್ಟೇ ನಡೆದೆವು. ಯಾತ್ರೆಗೆಂದು ಹೊಸ ಬೂಟು ಕೊಂಡು ಅಂದೇ ತೊಡುವವರ ಹಿಮ್ಮಡಿ ಮಧ್ಯಾಹ್ನದೊಳಗೆ ಬೊಬ್ಬೆ ಎದ್ದಿರುತ್ತದೆ.

ಬುತ್ತಿಯ ವಿಷಯದಲ್ಲಿ ನಮ್ಮ ಮನೆಗಳ ಪದ್ಧತಿಯನ್ನು ಮೀರಿಸುವುದು ಕಷ್ಟ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ, ಎಳ್ಳುಂಡೆ: ಹಳಸುವುದಿಲ್ಲ, ಚೆಲ್ಲುವುದಿಲ್ಲ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಆದರೆ ಕಟಕ ರೊಟ್ಟಿ ನೀರು ಬೇಡುವ ಆಹಾರ. ಏರುವಾಗ ಅದನ್ನು ಮುಟ್ಟದಿರುವುದೇ ಲೇಸು. ಏರಿಗೆ ಹೋಳಿಗೆಯ ಚೂರು, ಬಾಳೆಹಣ್ಣು, ಉಪ್ಪು ಸಕ್ಕರೆ ಬೆರೆಸಿದ ಲಿಂಬೆಯ ಪಾನಕ. ಒಬ್ಬೊಬ್ಬರಿಗೆ ಎರಡು ಲೀಟರು ನೀರು. ಬುತ್ತಿಯನ್ನು ಬಟ್ಟೆಯಲ್ಲಿಯೂ ಸ್ಟೀಲಿನ ಡಬ್ಬಿಯಲ್ಲಿಯೂ ಕಟ್ಟಿಕೊಳ್ಳಬೇಕು. ಪ್ಲಾಸ್ಟಿಕ್ ಹೊದಿಕೆ ಕಾಡಿಗೆ ಹೋಗಬಾರದು. ಇದಲ್ಲದೆ ಮಳೆಯಂಗಿ, ಪ್ರತಿಯೊಬ್ಬರಿಗೂ ಒಂದು ಬ್ಯಾಟರಿ, ಮೊಣಕಾಲಿನ ಪಟ್ಟಿ, ಊರುಗೋಲು. ರಕ್ತದೊತ್ತಡದ, ಮಧುಮೇಹದ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಈ ಹಾದಿಗೆ ಕಾಲಿಡಬಾರದು.

ಹಿಂದಿನ ಸಂಜೆ ಮುಳ್ಳೋಡಿಯ ಮನೆಯೊಂದರಲ್ಲಿ ತಂಗಿ, ಆರೂಮುಕ್ಕಾಲಕ್ಕೆ ಸ್ಥಳೀಯ ಮಾರ್ಗದರ್ಶಿಯೊಡನೆ ಹೊರಟೆವು. ಮೊದಲು ಗದ್ದೆಯಂಚು, ಬಳಿಕ ಕಾಡು, ಕಾಡಿನ ನಡುವೆ ಹಳ್ಳಗಳು. ಈ ಸೀಮೆಯ ವಿಶೇಷವೆಂದರೆ ಬೆಟ್ಟಗಳ ಮೈಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ದಟ್ಟವಾದ ಮರಗಳು. ಗಾಳಿಗೆ ಒಡ್ಡಿಕೊಂಡ ಬೋರೆಯಲ್ಲಿ ಹುಲ್ಲು ನಿಲ್ಲುತ್ತದೆ. ಗಾಳಿ ತಾಗದ, ತೇವ ಆರದ ಕಣಿವೆಯಲ್ಲಿ ಮರ ಬೆಳೆಯುತ್ತದೆ. ಶೋಲಾ ಎಂದು ಕರೆಯುವ ಈ ಮಡಿಕೆಯ ಕಾಡುಗಳು ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವಾಗಿ ಹಳ್ಳಕ್ಕೆ ಬಿಡುತ್ತವೆ. ಬೇಸಿಗೆಯಲ್ಲಿಯೂ ಭದ್ರೆ ಬತ್ತದಿರುವುದಕ್ಕೆ ಇವೂ ಕಾರಣ. ಸಿಂಗಳೀಕದ ನೆಲೆಯೂ ಈ ಉದ್ಯಾನವೇ. ನಮಗೆ ಅದರ ದರ್ಶನವಾಗಲಿಲ್ಲ. ಕಡವೆಯ ಹೆಜ್ಜೆಯನ್ನು ಮಾರ್ಗದರ್ಶಿ ತೋರಿಸಿದ.

ಇದೇ ಬೆಟ್ಟಸಾಲಿನಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರನ್ನು ಅಗೆದರೆಂಬುದನ್ನು ಇಂದಿನ ಮಕ್ಕಳು ನಂಬುವುದು ಕಷ್ಟ. 1976ರಲ್ಲಿ ಸ್ಥಾಪನೆಯಾದ ಸರಕಾರಿ ಗಣಿ ಕಂಪನಿಯು ಅದಿರನ್ನು ನೀರಿನೊಡನೆ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅನೇಕರ ಅನ್ನ ಹೋಯಿತು, ನದಿಗಳು ಉಳಿದವು, ಎರಡೂ ನಿಜ.

ಸುಮಾರು ಅರ್ಧ ಹಾದಿಯಲ್ಲಿ ಒಂಟಿಮರವೆಂಬ ತಾಣ. ಹೆಸರೇ ಹೇಳುವಂತೆ ಬಯಲು ಹುಲ್ಲಿನ ನಡುವೆ ಒಂದೇ ಮರ. ಒಂಬತ್ತೂಮುಕ್ಕಾಲಕ್ಕೆ ಅಲ್ಲಿದ್ದೆವು. ಅಕ್ಕ ಕೂರಲಿಲ್ಲ, ನಿಂತೇ ನೀರು ಕುಡಿದರು. ಕೂತರೆ ಏಳುವುದು ಕಷ್ಟವೆಂದು ಆಗಲೇ ನಮಗೆ ಅರ್ಥವಾಯಿತು. ಅಲ್ಲಿಂದ ಏರು ಕಡಿದಾಗುತ್ತ ಹೋಗುತ್ತದೆ. ನೆರಳಿಲ್ಲ, ಗಾಳಿಯೇ ಆಸರೆ. ಒಂದು ದಿಣ್ಣೆ ಏರಿದೊಡನೆ ಶಿಖರ ಬಂದಿತೆಂದು ಮಕ್ಕಳು ಕೂಗುವರು, ಅದರಾಚೆಗೆ ಇನ್ನೊಂದು ದಿಣ್ಣೆ ಕಾದಿರುವುದು. ಶಿಖರಕ್ಕೆ ಸ್ವಲ್ಪ ಕೆಳಗೆ ಹಳೆಯ ಕಲ್ಲಿನ ಕಟ್ಟಡವೊಂದರ ಅವಶೇಷವಿದೆ. ಹಿಂದೆ ಅದು ಇಗರ್ಜಿಯಾಗಿತ್ತೆಂದು ಹೇಳುತ್ತಾರೆ. ನಾವು ಆ ಪಾಳುಗೋಡೆಯ ಬಳಿ ಬಂದಾಗ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ.

ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ.

"ಇನ್ನು ಅರ್ಧ ಗಂಟೆ ಅಷ್ಟೇ ಸಾರ್," ಎಂದ ಮಾರ್ಗದರ್ಶಿ. "ಮಾಮ, ನಾವು ನಾಲ್ಕು ಜನ ಓಡಿ ಹೋಗಿ ಬಂದುಬಿಡ್ತೀವಿ," ಎಂದ ಅಕ್ಕನ ಮಗ. ಅಕ್ಕ ಕೂಡಲೇ, "ನಾನೂ ಬರ್ತೀನಿ, ನನಗೇನಾಗಿದೆ?" ಎಂದರು. ಅವರ ಎರಡೂ ಕೈಗಳು ಊರುಗೋಲನ್ನು ಅಮುಕಿ ಹಿಡಿದಿದ್ದವು. ಅರ್ಧ ಗಂಟೆಯೆಂಬುದು ದಿನವೂ ಏರುವ ಮಾರ್ಗದರ್ಶಿಯ ಕಾಲಿನ ಲೆಕ್ಕ. ನಮಗೆ ಮುಕ್ಕಾಲು ಗಂಟೆ, ಮೇಲೆ ಕೂರಲು ಸ್ವಲ್ಪ, ಇಳಿದು ಇಲ್ಲಿಗೆ ಬರಲು ಮತ್ತೆ ಅಷ್ಟು. ಅಲ್ಲಿಗೆ ಎರಡೂಕಾಲು. ನಾವು ಗಡಿಯಾರವನ್ನು ತೋರಿಸಿದೆವು. ಹತ್ತು ನಿಮಿಷ ಯಾರೂ ಮಾತನಾಡಲಿಲ್ಲ; ಹೋಳಿಗೆ ತಿಂದೆವು. ಬಳಿಕ ಇಳಿಯತೊಡಗಿದೆವು.

ಮಳೆ ಬರಲಿಲ್ಲ, ಮಂಜು ಕವಿಯಲಿಲ್ಲ. ಇಡೀ ಮಧ್ಯಾಹ್ನ ಶಿಖರ ನಮ್ಮ ಬೆನ್ನ ಹಿಂದೆ ಸ್ವಚ್ಛವಾಗಿ ನಿಂತಿತ್ತು. ತಿರುಗಿ ತಿರುಗಿ ನೋಡಿದ ನಮ್ಮ ಕಿರಿಮಗಳು ಒಂಟಿಮರದವರೆಗೆ ನಮ್ಮೊಡನೆ ಮಾತು ಬಿಟ್ಟಿದ್ದಳು. ಆದರೆ ಇಳಿಜಾರಿನಲ್ಲಿ ಅಕ್ಕನ ಮೊಣಕಾಲು ನಿಜವನ್ನು ಹೇಳತೊಡಗಿತು. ಹಳ್ಳದ ದಂಡೆಗಳಲ್ಲಿ ಅವರು ಹಿಮ್ಮುಖವಾಗಿ, ಸೊಸೆಯ ಹೆಗಲು ಹಿಡಿದು ಇಳಿಯಬೇಕಾಯಿತು. ನಾಲ್ಕೂವರೆ ಗಂಟೆಯೆಂದು ಲೆಕ್ಕ ಹಾಕಿದ್ದ ಇಳಿತಕ್ಕೆ ಐದು ಗಂಟೆಯಾಯಿತು. ಕೊನೆಯ ಕಾಡಿನೊಳಗೆ ಬ್ಯಾಟರಿ ಹೊತ್ತಿಸಿದೆವು. ಮುಳ್ಳೋಡಿಯ ಮನೆಯಂಗಳ ಮುಟ್ಟಿದಾಗ ಐದು ಗಂಟೆ ನಲವತ್ತು ನಿಮಿಷ. ಆಪದ್ಧನದಲ್ಲಿ ಉಳಿದಿದ್ದುದು ಇಪ್ಪತ್ತು ನಿಮಿಷ.

ಮನೆಯೊಡತಿ ಹಂಡೆಯಿಂದ ಬಿಸಿನೀರು ತೋಡಿ, ಉಪ್ಪು ಹಾಕಿ ಅಕ್ಕನ ಕಾಲಿಗೆ ಕೊಟ್ಟರು. ಸೊಸೆ ಪಟ್ಟಿ ಬಿಚ್ಚಿದಾಗ ಮೊಣಕಾಲು ಬಾತುಕೊಂಡಿತ್ತು. ಅಕ್ಕನ ಮಗ ಅದನ್ನು ನೋಡಿ, "ಅವ್ವ, ಮೇಲೇ ಹೇಳಬಾರದಿತ್ತಾ?" ಎಂದ. "ಹೇಳೋದು ಯಾಕೆ ಬೇಕಾಗಿತ್ತು, ಹೊತ್ತಾಯ್ತಲ್ಲ," ಎಂದರು ಅಕ್ಕ.

ಬರುವ ಡಿಸೆಂಬರಿಗೆ ಮತ್ತೆ ಹೋಗಬೇಕೆಂದು ಮಕ್ಕಳು ದಿನ ಗೊತ್ತುಮಾಡಿದ್ದಾರೆ. ಈ ಸಲ ಆರಕ್ಕೇ ಹೊರಡಲು ಸಾಧ್ಯವೇ ಎಂದು ಇಲಾಖೆಯಲ್ಲಿ ವಿಚಾರಿಸಬೇಕೆಂಬುದು ಅವರ ಲೆಕ್ಕ. ಅನುಮತಿಗೆ ಆರು ಹೆಸರು ಬರೆದು ಅಕ್ಕನಿಗೆ ಓದಿ ಹೇಳಿದರು. ಒಂಟಿಮರದವರೆಗೆ ಬರುವವರಿಗೂ ಚೀಟಿ ಬೇಕಲ್ಲವೇ ಎಂದು ಅಕ್ಕ ಕೇಳಿದರು. ಏಳನೆಯ ಹೆಸರನ್ನೂ ಬರೆದುಕೊಂಡಿದ್ದೇವೆ.