ಹೊಸಪೇಟೆಯ ಕೆಂಪು ಧೂಳು: ಸ್ವಂತ ಲಾರಿಯ ಕನಸು, ಕಂತಿನ ಲೆಕ್ಕ

ಹೊಸಪೇಟೆ ಎಂದೊಡನೆ ನಿಮಗೆ ಹಂಪಿ ಮತ್ತು ತುಂಗಭದ್ರಾ ಅಣೆಕಟ್ಟು ನೆನಪಾಗಬಹುದು. ಪ್ರವಾಸಕ್ಕೆ ಬಂದವರು ಇವೆರಡನ್ನು ನೋಡಿ ಮರಳುತ್ತಾರೆ. ಆದರೆ ಊರಿನಿಂದ ಸಂಡೂರಿನ ಕಡೆಗೋ ತೋರಣಗಲ್ಲಿನ ಕಡೆಗೋ ಒಂದಿಷ್ಟು ದೂರ ಹೋಗಿ ನೋಡಿ. ರಸ್ತೆಯ ಅಂಚು, ಬೇವಿನ ಎಲೆ, ಚಹಾದಂಗಡಿಯ ತಗಡು ಎಲ್ಲವೂ ಕೆಂಪು. ಅದು ಗುಡ್ಡದ ಕಬ್ಬಿಣದ ಅದಿರಿನ ಧೂಳು. ಆ ಧೂಳಿನಲ್ಲಿ ಸಾಲಾಗಿ ನಿಂತ ಲಾರಿಗಳಲ್ಲಿ ಒಂದರ ಹಣೆಯ ಮೇಲೆ 786, ಇನ್ನೊಂದರ ಮೇಲೆ ಸಂಡೂರಿನ ಕುಮಾರಸ್ವಾಮಿಯ ಹೆಸರು, ಮತ್ತೊಂದರ ಮೇಲೆ ‘ತಾಯಿಯ ಆಶೀರ್ವಾದ’. ಇವುಗಳಲ್ಲಿ ಕೆಲವು ದೊಡ್ಡ ಕಂಪನಿಗಳದ್ದಾದರೆ, ಕೆಲವು ಒಂದೇ ಒಂದು ಲಾರಿಯಿರುವ ಬಡ ಮಾಲಕರದ್ದು. ಅಲ್ಲಿ ಮಾಲಕನೂ ಅವನೇ, ಚಾಲಕನೂ ಅವನೇ.

ಈ ಸೀಮೆಗೆ ಸರಕು ಸಾಗಾಟ ಹೊಸತಲ್ಲ. ಹಿಂದೆ ಲಂಬಾಣಿಗಳು ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿ ನಾಡಿನಿಂದ ನಾಡಿಗೆ ನಡೆದರು. ಅವರ ತಾಂಡಾಗಳು ಇಂದಿಗೂ ಸಂಡೂರಿನ ಸುತ್ತ ಇವೆ. ಎತ್ತಿನ ಜಾಗಕ್ಕೆ ಲಾರಿ ಬಂತು. ಆದರೆ ಎತ್ತಿಗೆ ಹುಲ್ಲು ಸಾಕಿತ್ತು, ಲಾರಿಗೆ ಡೀಸೆಲ್ ಜೊತೆಗೆ ಕಂತೂ ಬೇಕು.

2003ರ ನಂತರ ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿದಾಗ ಇಲ್ಲಿನ ಮಣ್ಣಿಗೆ ಚಿನ್ನದ ಬೆಲೆ ಬಂತು. ಅದಿರು ತುಂಬಿದ ಲಾರಿಗಳು ಹಗಲು ರಾತ್ರಿ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲಾ ಬಳಿಯ ಬೇಲೇಕೇರಿ ಬಂದರಿಗೆ ಹೋಗುತ್ತಿದ್ದವು. ಮಂಗಳೂರು ಬಂದರಿಗೆ ಹೋಗುವವು ಬೇರೆ. ಹತ್ತಾರು ವರ್ಷ ಬೇರೆಯವರ ಲಾರಿ ಓಡಿಸಿದವರು ‘ನಮ್ಮದೂ ಒಂದಿರಲಿ’ ಎಂದು ಹೊರಟರು. ಕೆಲವರು ಹೊಲ ಮಾರಿದರು, ಕೆಲವರು ಹೆಂಡತಿಯ ಬಳೆ ಅಡವಿಟ್ಟರು. ಉಳಿದದ್ದಕ್ಕೆ ಫೈನಾನ್ಸ್ ಇತ್ತು.

2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರಿನ ರಫ್ತನ್ನು ನಿಲ್ಲಿಸಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಕಾಡು, ಹೊಲ, ನೀರು ಹಾಳಾಗಿದ್ದ ನಾಡಿಗೆ ಆ ಆದೇಶ ಬೇಕಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗಣಿ ನಿಂತರೂ ಕಂತು ನಿಲ್ಲಲಿಲ್ಲ. ಸಾವಿರಾರು ಲಾರಿಗಳು ಬಯಲಿನಲ್ಲಿ ತುಕ್ಕು ಹಿಡಿದವು. 2013ರ ಏಪ್ರಿಲಿನಲ್ಲಿ ನ್ಯಾಯಾಲಯವು ಗಣಿಗಳಿಗೆ ಷರತ್ತಿನ ಮೇಲೆ ಅನುಮತಿ ನೀಡುವಷ್ಟರಲ್ಲಿ ಎಷ್ಟೋ ಲಾರಿಗಳು ಫೈನಾನ್ಸಿನವರ ಅಂಗಳ ಸೇರಿದ್ದವು.

ಅಂಥದ್ದೊಂದು ಮನೆಯ ಒಡತಿಯೊಡನೆ ನಾನು ಮಾತನಾಡಿದೆ. ಅವರ ಗಂಡ 2009ರಲ್ಲಿ ಹೊಸ ಲಾರಿ ಕೊಂಡಿದ್ದರು. “ಓಡೋ ಲಾರಿ ಡೀಸೆಲ್ ಕೇಳ್ತೈತೆ ಆಪಾ, ನಿಂತ ಲಾರಿ ಮನೆಮಂದಿನ್ನೇ ಕೇಳ್ತೈತೆ” ಎಂದರು ಆಕೆ. ಆ ಲಾರಿ ಹೋಯಿತು. ಗಂಡ ಮತ್ತೆ ಸಂಬಳದ ಚಾಲಕರಾದರು. ಎರಡು ವರ್ಷದ ನಂತರ ಆಕೆಯ ಅಣ್ಣ, ಒಬ್ಬ ಗೆಳೆಯ ಮತ್ತು ಇವರು ಸೇರಿ ಬಡ್ಡಿಯ ಹಂಗಿಲ್ಲದೆ ಹಳೆಯ ಲಾರಿಯೊಂದನ್ನು ಪಾಲಿನಲ್ಲಿ ಕೊಂಡರು. ಓಡಿಸುವ ದುಡಿಮೆಗೆ ಒಂದು ಭಾಗ, ಹಾಕಿದ ಹಣಕ್ಕೆ ಒಂದು ಭಾಗ, ರಿಪೇರಿಗೆಂದು ತೆಗೆದಿಡಲು ಒಂದು ಭಾಗ. ಈ ಸಲ ಅದಿರನ್ನು ನಂಬಲಿಲ್ಲ. ಗಂಗಾವತಿಯ ಅಕ್ಕಿ, ರಾಣೆಬೆನ್ನೂರಿನ ಮೆಕ್ಕೆಜೋಳ, ಸಿಮೆಂಟು ಹೀಗೆ ಯಾವ ಹಂಗಾಮಿಗೆ ಯಾವುದೋ ಅದು. ಇಂದು ಮೂವರ ಪಾಲೂ ತೀರಿ ಲಾರಿ ಇವರದೇ ಆಗಿದೆ.

ಪ್ರಿಯ ಸಹೋದರಿಯರೇ, ಸರಕು ಸಾಗಾಟ ಗಂಡಸರ ಮಾತು ಎಂದು ಪುಟ ಮಗುಚಬೇಡಿ. ನಮ್ಮ ತಾಯಿ ಹಝ್ರತ್ ಖದೀಜಾ(ರ) ಮಕ್ಕಾದ ದೊಡ್ಡ ವರ್ತಕಿ. ಅವರ ಸರಕು ಒಯ್ದು ಶಾಮ್‌ಗೆ ಹೋದವರು ನಮ್ಮ ಪ್ರವಾದಿವರ್ಯರು(ಸ). ಬಂಡವಾಳ ಒಬ್ಬರದು, ದುಡಿಮೆ ಒಬ್ಬರದು, ಲಾಭದಲ್ಲಿ ಪಾಲು. ಇದನ್ನೇ ನಮ್ಮ ಫಿಕ್‌ಹ್ ಗ್ರಂಥಗಳು ಮುದಾರಬಾ ಎನ್ನುತ್ತವೆ. ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಸೂರಃ ಬಕರದಲ್ಲಿದೆ. ಅದು ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕಲಿಸುತ್ತದೆ. ಅಣ್ಣತಮ್ಮಂದಿರ ನಡುವೆ ಬರಹವೇಕೆ ಎನ್ನುವವರ ಮನೆಗಳಲ್ಲೇ ಜಗಳ ಕೋರ್ಟಿಗೆ ಹೋಗುವುದು.

ನಿಮ್ಮ ಮನೆಯಲ್ಲಿ ಲಾರಿ ಕೊಳ್ಳುವ ಮಾತು ಬಂದರೆ ಕೆಲವು ಪ್ರಶ್ನೆ ಕೇಳಿ. ಗಾಡಿ ಮಾಲಕನಾಗುವ ಮೊದಲು ಆ ದಾರಿಗಳಲ್ಲಿ ಕೆಲವು ವರ್ಷ ಓಡಿಸಿದ ಅನುಭವ ಇದೆಯೇ? ಮೊದಲ ಲೋಡು ಯಾರು ಕೊಡುತ್ತಾರೆ? ಮರಳಿ ಬರುವಾಗ ಲೋಡು ಸಿಗುತ್ತದೆಯೇ? ಹೋಗುವ ಬಾಡಿಗೆಯನ್ನು ಖಾಲಿ ಬರುವ ಡೀಸೆಲ್ ತಿಂದುಬಿಡುತ್ತದೆ. ಬ್ರೋಕರು ಮುಂಗಡ ಕೊಟ್ಟು ಬಾಕಿ ಹಣವನ್ನು ತಿಂಗಳುಗಟ್ಟಲೆ ಹಿಡಿದರೆ ಆ ನಡುವಿನ ಖರ್ಚು ಯಾವುದರಿಂದ? ಟಯರು, ತೆರಿಗೆ, ವಿಮೆ, ಎಫ್‌ಸಿ ಇವು ಒಮ್ಮೆಲೇ ಬರುವ ದೊಡ್ಡ ಖರ್ಚುಗಳು. ಎಂಟು ವರ್ಷ ಮೀರಿದ ಲಾರಿಗೆ ಎಫ್‌ಸಿ ಪ್ರತಿ ವರ್ಷ ಬೇಕು. ಹಳೆಯ ಲಾರಿ ಅಗ್ಗ ಎನ್ನುವವರು ಇದನ್ನು ಮರೆಯಬಾರದು. ಆ ಮನೆಯೊಡತಿ ಮೂರು ನೋಟುಪುಸ್ತಕ ಇಟ್ಟಿದ್ದಾರೆ: ಒಂದು ಪ್ರತಿ ಟ್ರಿಪ್ಪಿನ ಡೀಸೆಲ್, ಟೋಲಿಗೆ, ಒಂದು ಟಯರು ರಿಪೇರಿಗೆ, ಒಂದು ಬರಬೇಕಾದ ಬಾಕಿಗೆ. ಏಳನೇ ತರಗತಿ ಓದಿದ ಆಕೆಯೇ ಆ ಲಾರಿಯ ಆಫೀಸು.

ಇನ್ನೊಂದು, ಬಳೆಯ ಮಾತು. ಮಹ್ರ್ ಹೆಣ್ಣಿನ ಸ್ವಂತ ಸೊತ್ತು. ಮನಸ್ಸಿದ್ದರೆ ಕೊಡಿ, ಆದರೆ ಕೊಟ್ಟದ್ದು ಸಾಲವೋ, ಪಾಲೋ, ಉಡುಗೊರೆಯೋ ಎಂದು ಆಗಲೇ ತೀರ್ಮಾನವಾಗಲಿ.

ಹೆಚ್ಚು ಭಾರ ಹೇರಿದರೆ ಹೆಚ್ಚು ಬಾಡಿಗೆ ಎಂಬುದು ಅದಿರಿನ ಕಾಲ ಕಲಿಸಿದ ಕೆಟ್ಟ ಪಾಠ. ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಲಾಯಿತು. ಮಿತಿ ಮೀರಿದರೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ಎಂದು 2019ರ ಕಾನೂನು ತಿದ್ದುಪಡಿ ಹೇಳಿತು. ದಂಡ ತಪ್ಪಿಸಿಕೊಂಡರೂ ಘಟ್ಟದ ಇಳಿಜಾರಿನಲ್ಲಿ ಬ್ರೇಕು ಕ್ಷಮಿಸುವುದಿಲ್ಲ. ಎದುರಿನಿಂದ ಬರುವ ಬಸ್ಸಿನಲ್ಲೂ ಯಾರದೋ ಮಕ್ಕಳಿರುತ್ತಾರೆ. ಇನ್ನೊಬ್ಬರ ಜೀವವನ್ನು ಅಪಾಯಕ್ಕೊಡ್ಡಿ ಗಳಿಸಿದ್ದು ಹಲಾಲ್ ಹೇಗಾದೀತು?

ಲಾರಿ ಗಂಡನ ಹೆಸರಿನಲ್ಲಿದ್ದು ಅವರೇ ಓಡಿಸುತ್ತಿದ್ದರೆ, ಮಾಲಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಇದೆಯೇ ಎಂದು ನೋಡಿ. 2018ರಲ್ಲಿ ಅದರ ಮೊತ್ತವನ್ನು 15 ಲಕ್ಷ ರೂಪಾಯಿಗೆ ಏರಿಸಲಾಯಿತು. ಲೈಸನ್ಸಿನ ಅವಧಿ ಮುಗಿದಿದ್ದರೆ ಆ ಹಣ ಸಿಗುವುದು ಕಷ್ಟ. ಆರ್‌ಸಿ, ವಿಮೆ, ಲೈಸನ್ಸಿನ ಒಂದೊಂದು ಪ್ರತಿ ಮನೆಯ ಕಪಾಟಿನಲ್ಲಿರಲಿ.

ದೂರದ ಪ್ರಯಾಣಿಕನಿಗೆ ಝುಹ್‌ರ್, ಅಸರ್, ಇಶಾದ ನಾಲ್ಕು ರಕಅತ್‌ಗಳನ್ನು ಎರಡಕ್ಕೆ ಇಳಿಸಿ ಅಲ್ಲಾಹನು ಕರುಣೆ ತೋರಿದ್ದಾನೆ. ಆದರೆ ಗಡುವಿನ ಮಾತು ಹೇಳಿ ಚಾಲಕನ ನಿದ್ದೆ ಕಸಿಯುವ ನಾವು ಆ ಕರುಣೆಯನ್ನು ಎಷ್ಟು ಕಲಿತಿದ್ದೇವೆ? ರಾತ್ರಿ ಫೋನು ಮಾಡಿ “ಎಲ್ಲಿದ್ದೀರಿ, ಯಾವಾಗ ಬರ್ತೀರಿ” ಎಂದು ಕೇಳುವ ಬದಲು “ಊಟ ಆಯ್ತಾ? ನಿದ್ದೆ ಬಂದರೆ ಗಾಡಿ ನಿಲ್ಲಿಸಿ” ಎನ್ನಿ. ಲಾರಿ ಒಂದು ದಿನ ತಡವಾಗಿ ಬರಲಿ, ಆದರೆ ಮನೆಯ ಯಜಮಾನ ಕ್ಷೇಮವಾಗಿ ಬರಲಿ. ದಾರಿಯಲ್ಲಿ ದುಡಿಯುವ ಎಲ್ಲರ ಅನ್ನದಲ್ಲೂ ಅಲ್ಲಾಹನು ಬರಕತ್ ನೀಡಲಿ, ಆಮೀನ್.